ಇಳಿಗೊಂಬು

ಗೇರುಮಾಳದ ನಮ್ಮ ಮನೆಯ ಮಣ್ಣುಗೋಡೆಯಲ್ಲಿ
ಎರಡು ತೂತುಗಳಿವೆ, ಗೇಣು ಅಂತರದಲ್ಲಿ.
ಮೊದಲು ಅಲ್ಲೊಂದು ಕಡವೆಗೊಂಬು ಇತ್ತು.
ಕವಲಿಗೆ ತಾತನ ಟವೆಲು, ಅವ್ವನ ರೇಷನ್ ಚೀಲ.
ಹೊಡೆದು ತಂದದ್ದಲ್ಲ, ಉದುರಿದ್ದು.
ಬೆಂಕಿ ಬಿದ್ದ ವರ್ಷ ಬೂದಿಯೊಳಗೆ ಸಿಕ್ಕಿದ್ದು,
ಒಂದು ಮಗ್ಗುಲು ಕರ್ರಗೆ.

ತಾತ ಜಡೆಯ. ಬೇಟೆಗೆ ಬಂದವರಿಗೆ ಹೆಜ್ಜೆ ತೋರಿಸುವವನು.
ದಿನಕ್ಕೆ ಎರಡು ರೂಪಾಯಿ, ಒಂದು ಕಟ್ಟು ಬೀಡಿ,
ಬಿದ್ದರೆ ಮಾಂಸದಲ್ಲಿ ಪಾಲು.
ತಲೆ ಮಾತ್ರ ಯಾವತ್ತೂ ಜೀಪಿಗೆ.

‘ಮೊದಲ ಸಲ ಬರೀ ಮೊಳೆ ಕಣವ್ವ, ಕವಲಿಲ್ಲ.
ಮರುವರ್ಸ ಕವೆಗೋಲು.
ಅದರಾಚೆ ಮೂರು ಕವಲು, ಮೂರಕ್ಕೇ ನಿಂತೋಯ್ತದೆ.
ಆಮೇಲೆ ದಪ್ಪ ಆಯ್ತದೆ, ಉದ್ದ ಆಯ್ತದೆ,
ಎಂಟು ಮಳೆ, ಒಂಬತ್ತು ಮಳೆ.
ಹೊನ್ನೆ ಮರಕ್ಕೆ ತಿಕ್ಕಿ ತೊಗಲು ಕಿತ್ತಾಗ
ಮರಕ್ಕೂ ರಕ್ತ, ಅದಕ್ಕೂ ರಕ್ತ.’

ಆಮೇಲೆ?

‘ಆಮೇಲೆ ಇಳಿಗೊಂಬು.
ಬುಡ ಹಂಗೇ ಇರ್ತದೆ, ತುದಿ ಬರೋದಿಲ್ಲ.
ಒಂದು ಕಡೆ ಮೋಟು, ಒಂದು ಕಡೆ ಸೊಟ್ಟ.
ಹೊಟ್ಟೆಗೆ ಬಂದದ್ದು ಕೊಂಬಿಗೆ ಹತ್ತೋದಿಲ್ಲ.’

ಕೊಯಮತ್ತೂರಿನಿಂದ ಮಿಲ್ಲಿನ ಧಣಿ ಬಂದಿದ್ದ ಸಲದ್ದು ಇದು.
ಲೈಸೆನ್ಸಿನಲ್ಲಿ ಒಂದೇ ಕಡವೆ,
ಜೇಬಿನಲ್ಲಿ ದರ್ಜಿಯ ಟೇಪು.
ಉಪ್ಪುಮಣ್ಣಿನ ಹಳ್ಳಕ್ಕೆ ಬೆಳಗಿನ ಜಾವ
ಎರಡು ಗಂಡು ಇಳಿದವು.
ಮುಂದಿನದು ತಾತ ಹುಡುಕಿಟ್ಟದ್ದು:
ಬೆನ್ನು ತೊಟ್ಟಿಲು, ಕೆಳದುಟಿ ಜೋತು,
ಕಿವಿ ಹರಿದು ಬಾಳೆಲೆ,
ನೀರಿಗೆ ಬಾಯಿಡುವ ಮೊದಲು
ಮೂರು ಸಲ ಗಾಳಿ ಕೇಳುವ ಅಭ್ಯಾಸ.
ಕೊಂಬು ಮೊಳದುದ್ದವೂ ಇಲ್ಲ.

ತಾತ ಗಲ್ಲ ಎತ್ತಿ ಅದನ್ನೇ ತೋರಿಸಿದ.
ಧಣಿ ತಲೆ ಅಲ್ಲಾಡಿಸಿದ.
‘ಎಳೇದು, ಬಿಡು.’

ಹಿಂದಿನದು ನೀರಿನಿಂದ ಮುಖ ಎತ್ತಿತು.
ಅದೇ ಆ ವರ್ಷ ಇಡೀ ಕಣಿವೆಯನ್ನು ಕೂಗಿ ಎಬ್ಬಿಸುತ್ತಿದ್ದ ಗಂಡು,
ಹೆಣ್ಣುಗಳ ಹಿಂಡು ಇನ್ನೂ ಮೇಲೆ, ಬಿದಿರಿನಲ್ಲಿ.
ಟೇಪಿಗೆ ಮೂವತ್ತೊಂಬತ್ತು ಅಂಗುಲ.
ಸಾಲದೆಂಬಂತೆ ಎರಡು ಸಲ ಅಳೆದ.

ಆ ಸಂಜೆ ತಾತ ಮಾಂಸದ ಪಾಲು ತಂದ, ತಿಂದ,
ಚೆನ್ನಾಗಿತ್ತು ಎಂದೂ ಹೇಳಿದ.
ಅವನು ಸುಳ್ಳು ಹೇಳುವವನಲ್ಲ.
ಮರುವರ್ಷ ಆ ಕಣಿವೆಯಲ್ಲಿ ಕೂಗು ಕಮ್ಮಿ ಎಂದು
ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ನಾನು ಐದನೇ ಕ್ಲಾಸು. ಮುದುಕರ ಪಿಂಚಣಿಗೆಂದು
ತಾತನ ಕೈ ಹಿಡಿದು ತಾಳವಾಡಿಗೆ ಹೋದೆ.
ಹುಟ್ಟಿದ ದಿನದ ಚೀಟಿ ಇಲ್ಲ.
ಅಂಚಿಬೀಳುವಿನಲ್ಲಿ ಆನೆ ರೈಲಿಗೆ ಸಿಕ್ಕ ವರ್ಷ ಎನ್ನೋಣವೆಂದರೆ
ನಮ್ಮ ಕಡೆ ರೈಲೇ ಇಲ್ಲವಲ್ಲ, ಎಂದು ಮಣಿಯಕಾರರು ನಕ್ಕರು.
ತಾತ ಬಾಯಿ ಅಗಲಿಸಿ ದವಡೆ ತೋರಿಸಿದ,
ಕುದುರೆ ವ್ಯಾಪಾರಿಯ ಮುಂದೆ ತೋರಿಸುವ ಹಾಗೆ.
ಅವರು ಮುಖ ತಿರುಗಿಸಿಕೊಂಡರು.
ತಲೆಯಲ್ಲಿ ಒಂದು ನರೆಯಿಲ್ಲ, ಮೈಯಲ್ಲಿ ಬೊಜ್ಜಿಲ್ಲ.
ಐವತ್ತೆರಡು, ಎಂದು ಬರೆದರು.

ಬಸ್ಸಿನಲ್ಲಿ ತಾತ ಕಿಟಕಿ ಕಡೆ ಕೂತ.
ಚೆಕ್‌ಪೋಸ್ಟ್ ದಾಟುವವರೆಗೂ ಮಾತಿಲ್ಲ.
ಆಮೇಲೆ ಭುಜ ಕುಲುಕತೊಡಗಿತು.
ಅಳುತ್ತಿದ್ದಾನೆ ಅಂದುಕೊಂಡೆ.
‘ಎಳೇದು ಅಂತ ಬಿಟ್ಬುಟ್ಟ ಕಣವ್ವ,’ ಎಂದ,
ಕಂಡಕ್ಟರು ತಿರುಗಿ ನೋಡುವಷ್ಟು ನಗುತ್ತ.

ಎರಡು ಮಳೆ ಇದ್ದ, ಅಷ್ಟೇ.

ಗಾರ್ಡು ಬಂದು ಕೊಂಬು ಕಿತ್ತುಕೊಂಡು ಹೋದದ್ದು ಅದಾದ ಮೇಲೆ.
ಮನೆಯಲ್ಲಿಡುವುದು ತಪ್ಪು ಎಂದ, ಸಹಿ ಹಾಕಿಸಿಕೊಂಡ.
ಕಾಗದದಲ್ಲಿ: ಕಡವೆ ಕೊಂಬು, ಒಂದು, ಎಡ, ಸುಟ್ಟಿದೆ.
ಎಷ್ಟನೇ ವರ್ಷದ್ದು ಎಂಬ ಮನೆ ಖಾಲಿ.
ನನಗೆ ಗೊತ್ತಿತ್ತು. ಬುಡ ದಪ್ಪ, ತುದಿ ಮೋಟು.
ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ತೂತಿನಲ್ಲಿ ಕಣಜ ಮಣ್ಣು ಮೆತ್ತಿದೆ.
ಸ್ನಾನ ಮಾಡಿ ಬಂದರೆ ಇವತ್ತಿಗೂ
ಟವೆಲು ಹಿಡಿದ ಕೈ ಆ ಎತ್ತರಕ್ಕೆ ಹೋಗುತ್ತದೆ.