ಸೋರುವ ಬೆಳಕು

ಹ್ಯಾಮರ್‌ಫೆಸ್ಟಿನಲ್ಲಿ ನವೆಂಬರ್ ಕೊನೆ.
ಸೂರ್ಯ ಅಂಗಡಿ ಮುಚ್ಚಿ ನಾಲ್ಕು ದಿನ.

ಎರಡು ಪರದೆಗಳ ಮುಂದೆ ಓಡ್ವಾರ್, ಸಿಗ್ರುನ್.
"ಇದು ಓಎಲ್‌ಇಡಿ. ಅಪ್ಪಟ ಕಪ್ಪು," ಅಂದ ಮಾರುವ ಹುಡುಗ.
"ಕಪ್ಪಿಗೂ ದುಡ್ಡೇ? ಜನವರಿವರೆಗೆ
ಹೊರಗೆ ಬಿಟ್ಟಿ ಬಿದ್ದಿದೆಯಲ್ಲ!"
ಸಿಗ್ರುನ್‌ಳ ಚಿಂತೆ ಜೂನಿನದು:
ನಡುರಾತ್ರಿಯ ಬಿಸಿಲು ಕಿಟಕಿ ದಾಟಿ
ಸೀದಾ ಟಿವಿಯ ಮುಖಕ್ಕೇ ಹೊಡೆಯುವುದು.

ಓಡ್ವಾರ್ ಮಾತಾಡಲಿಲ್ಲ.
ಪಕ್ಕದ ಮಿನಿ ಎಲ್‌ಇಡಿಯಲ್ಲಿ ಒಂದು ರಾತ್ರಿ, ಒಂದು ದೀಪ,
ಸುತ್ತ ಹಾಲು ಚೆಲ್ಲಿದಂತೆ ಮಸುಕು.
"ಅದೇ ಇದರ ದೋಷ. ಬೆಳಕು ಸೋರುತ್ತೆ."

ಮೂವತ್ತೊಂದು ವರ್ಷ ಮೀನುದೋಣಿಯಲ್ಲಿ
ಮಂಜಿನೊಳಗಿಂದ ದಡ ಹುಡುಕಿದವನು
ಕನ್ನಡಕ ಒರೆಸಿ ಮತ್ತೆ ನೋಡಿದ.

"ಸೋರಬೇಕು," ಅಂದ.
"ಸೋರದ ದೀಪ ನಮಗೆ ಯಾವತ್ತು ಕಂಡಿತ್ತು?"

ಗೋಡೆ ಅಳೆದು ತಂದ ದಾರ
ಸಿಗ್ರುನ್‌ಳ ಕೈಚೀಲದಲ್ಲಿ
ಆಗಲೇ ಗಂಟುಬಿದ್ದಿತ್ತು.