ಮೂಲೆ ನಾಟಿ

ಹಾಜರಿ ಪುಸ್ತಕದಲ್ಲಿ ಮೊದಲು ಎರಡೇ ಕಾಲಂ:
ಗಂಡಾಳು. ಹೆಣ್ಣಾಳು.
ನಡುವಿನ ಗೀಟು ನಾನೇ ಎಳೆದದ್ದು,
ಅಡಿಪಟ್ಟಿ ಒತ್ತಿ ಹಿಡಿದು, ಕೆಂಪು ಶಾಯಿಯಲ್ಲಿ.
ಗೀಟಿನ ಆಚೆ ಏಳುನೂರು,
ಈಚೆ ಮುನ್ನೂರೈವತ್ತು, ಮೇಲೆ ಎರಡು ವೀಳ್ಯದೆಲೆ.

ಪಾಂಡವಪುರದ ಈ ಸೊಸೈಟಿಯಲ್ಲಿ
ಒಂಬತ್ತು ವರ್ಷದಿಂದ ಕೂಲಿ ಬರೆಯುತ್ತೇನೆ.
ನಾಲೆಗೆ ನೀರು ಬಿಟ್ಟರೆಂದು ನನಗೆ ತಿಳಿಯುವುದು
ಹೊಂಬಾಳಮ್ಮನ ಗುಂಪು ಬಾಗಿಲಿಗೆ ಬಂದಾಗ.
ಹದಿನಾಲ್ಕು ಹೆಂಗಸರು, ಹದಿನಾಲ್ಕು ಬುತ್ತಿ,
ಮಂಡಿಗೆ ಎತ್ತಿ ಕಟ್ಟಿದ ಸೀರೆ,
ಕಾಲ್ಬೆರಳ ಸಂದಿಯಲ್ಲಿ ಹೋದ ವರ್ಷದ ಕೆಸರುಹುಣ್ಣಿನ ಕಲೆ.

ಗದ್ದೆಯಲ್ಲಿ ಅವರು ಹಿಂದಕ್ಕೆ ನಡೆಯುತ್ತಾರೆ.
ನಾಟಿ ಇರುವುದೇ ಹಾಗೆ:
ನೆಟ್ಟದ್ದು ಕಣ್ಣ ಮುಂದೆ,
ನೆಡಬೇಕಾದ್ದು ಬೆನ್ನ ಹಿಂದೆ.

ಬದುವಿನ ಮೇಲೆ ನಿಂತ ಗಂಡಸರು
ಆಡುತ್ತಿದ್ದ ಮಾತು ನನಗೂ ಬಾಯಿಪಾಠ:
"ನಾಟಿ ಹೆಂಗಸ್ರಿಗೇ ಸೈ.
ಬೆರಳು ಸಣ್ಣ, ಸೊಂಟ ಮೆದು, ತಾಳ್ಮೆ ಜಾಸ್ತಿ.
ದೇವ್ರು ಅಂಗೇ ಮಾಡವ್ನೆ."

ಆಮೇಲೆ ಯಂತ್ರ ಬಂತು.
ಲಾರಿಯಿಂದ ಹಲಗೆ ಮೇಲೆ ಇಳಿಸಿ,
ಅರಿಸಿನ ಕುಂಕುಮ ಹಚ್ಚಿ,
ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟರು.
ಸೀಟಿಗೆ ಕಪ್ಪು ರೆಕ್ಸಿನ್, ತಲೆಗೆ ನೆರಳು ಬೇಕೆಂದು ಒಂದು ಕೊಡೆ.
ಕಂಪನಿಯವನು ಎರಡು ದಿನ ತರಬೇತಿ ಕೊಟ್ಟ.
ಪಟ್ಟಿ ಬರೆದವಳು ನಾನೇ. ಆರು ಹೆಸರು.
ಆರರಲ್ಲಿ ಒಬ್ಬನೂ
ಹುಟ್ಟಿದಾಗಿನಿಂದ ಒಂದು ಪೈರು ನೆಟ್ಟವನಲ್ಲ.

ಹೊಂಬಾಳಮ್ಮ ಕಿಟಕಿಗೆ ಕೈಯೂರಿದಳು.
"ಅಲ್ಲ ಕಣವ್ವ ಚೆನ್ನಾಜಿ,
ಬಗ್ಗಿ ಮಾಡೋಗಂಟ ಹೆಣ್ಣಿನ ಕೆಲ್ಸ.
ಕುಂತ್ಕಂಡ್ ಮಾಡಂಗಾದೇಟ್ಗೆ ಗಂಡಿನ ಕೆಲ್ಸವಾ?
ದೇವ್ರು ಯಾವತ್ತು ತಿದ್ದುದ್ನವ್ವ?"

ನಾನು ಸ್ಟಾಂಪ್ ಪ್ಯಾಡಿಗೆ ಶಾಯಿ ಹಾಕುತ್ತಿದ್ದೆ.
ಹಾಕುತ್ತಲೇ ಇದ್ದೆ.

ಯಂತ್ರಕ್ಕೆ ಒಂದು ಐಬು: ಮೂಲೆಯಲ್ಲಿ ತಿರುಗುವುದಿಲ್ಲ.
ಮುಡುಕು ಬಿಟ್ಟು, ಬದುವಿನಂಚು ಬಿಟ್ಟು ಹೋಗುತ್ತದೆ.
ಆ ಮೂಲೆಗಳಿಗೆ ಆರು ಹೆಂಗಸರು ಸಾಕು, ಅರ್ಧ ದಿನ, ಅರ್ಧ ಕೂಲಿ.
ಮಿಕ್ಕ ಎಂಟು ಮಂದಿಗೆ
ಬೆಳಗಿನ ಆರಕ್ಕೆ ಗಾರ್ಮೆಂಟ್ಸ್ ಬಸ್ಸು.

ಶುಕ್ರವಾರ ಡ್ರೈವರ್ ಶಿವಲಿಂಗು ಟೀಗೆ ಹೋದ.
ಎಂಜಿನ್ ಗುರುಗುಟ್ಟುತ್ತಲೇ ಇತ್ತು.
ಮೂಲೆಯಲ್ಲಿ ಬಗ್ಗಿದ್ದವಳು ಎದ್ದಳು, ಸೊಂಟ ಹಿಡಿದು ನೆಟ್ಟಗಾದಳು,
ಕೆಸರುಗಾಲಲ್ಲೇ ಹತ್ತಿ ಕೂತಳು.
ಯಾವ ಗೇರ್ ಎತ್ತ ಎಂದು ಎಂಟು ದಿನದಿಂದ ನೋಡಿಟ್ಟಿದ್ದಳಂತೆ.

ಮೊದಲ ಓಟ ಸೊಟ್ಟ, ಮಗು ಬರೆದ ಅಕ್ಷರದ ಹಾಗೆ.
ಎರಡನೆಯದು ವಸಿ ವಾಸಿ.
ಮೂರನೆಯದು, ನೂಲು ಹಿಡಿದಂತೆ.
ಬದುವಿನ ಮೇಲೆ ಸಣ್ಣತಾಯಿ
ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು.
ಅವಳಿಗೆ ಸಿಳ್ಳೆ ಬರುತ್ತದೆಂದು
ನಲವತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ.

ಬರೆದೆ. ಮೂರನೆಯ ಕಾಲಂ, ಹೊಸದು:
ಯಂತ್ರ ಚಾಲನೆ. ಹೊಂಬಾಳಮ್ಮ. ಅರ್ಧ ಗಂಟೆ.
ಸಂಜೆ ಕಾರ್ಯದರ್ಶಿ ಅದರ ಮೇಲೆ ಗೀಟು ಹೊಡೆದ.
ಬೈಯಲಿಲ್ಲ. ನಕ್ಕ.
"ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಯಾರಮ್ಮ ಜವಾಬ್ದಾರಿ?"
ಅವನಿಗೆ ಲೆಡ್ಜರು ಕಲಿಸಿದವಳು ನಾನು.
ಅವನ ಹಿಂದಿನವನಿಗೂ, ಅದರ ಹಿಂದಿನವನಿಗೂ.
ಅವರ ಕುರ್ಚಿಗೆ ಕೈಗಳಿವೆ, ಅದು ತಿರುಗುತ್ತದೆ.
ನನ್ನದು ಮೂಲೆಯ ಸ್ಟೂಲು.

ಹೊಡೆ ಬಿಚ್ಚುವ ಹೊತ್ತಿಗೆ ಆ ಗದ್ದೆಗೆ ಹೋಗಿದ್ದೆ,
ಸೊಟ್ಟ ಸಾಲು ಹುಡುಕಿಕೊಂಡು.
ಸಿಗಲಿಲ್ಲ. ಎಲ್ಲ ಒಂದೇ ಎತ್ತರ,
ಗಾಳಿ ಬಂದ ಕಡೆಗೆ ಎಲ್ಲವೂ ಬಾಗುತ್ತಿದ್ದವು.
ಪುಸ್ತಕದಲ್ಲಿ ಮಾತ್ರ ಇದೆ.
ಹಾಳೆಯನ್ನು ಬೆಳಕಿಗೆ ಹಿಡಿದರೆ
ಹೊಡೆದುಹಾಕಿದ ಹೆಸರನ್ನು
ಬೆನ್ನ ಕಡೆಯಿಂದ ಓದಬಹುದು.

ಮುಂದಿನ ತರಬೇತಿಯ ಪಟ್ಟಿ ಮೇಜಿನ ಮೇಲಿದೆ.
ಆರು ಖಾಲಿ ಗೆರೆ.
ಮೊದಲನೆಯದರಲ್ಲಿ 'ಹೊಂ' ಎಂದು ಬರೆದಿದ್ದೇನೆ.
ಹಿಂದೆ
ತಿರುಗುವ ಕುರ್ಚಿ ಕಿರ್ರೆನ್ನುತ್ತಿದೆ.