ಪರದೆ ಹಿಂದಿನ ನಾಲಿಗಿ

ಮೂವತ್ತೊಂದು ವರ್ಷ ನಾಟಕ ಕಂಪನಿಯೊಳಗ
ನನ್ನ ಮುಖ ಯಾರೂ ನೋಡಲಿಲ್ಲ.
ಸೈಡ್‌ವಿಂಗಿನ್ಯಾಗ, ಬೀಡಿಯಷ್ಟ ಬೆಳಕಿನ ಬಲ್ಬಿನ ಕೆಳಗ,
ಮಾತು ಮರೆತ ರಾಜರಿಗೆ ಮಾತು ಕೊಟ್ಟವ ನಾ.
ಕುಡದು ಬಂದ ಖಳನಾಯಕಗ
ಅರ್ಧ ಉಸಿರಿನ್ಯಾಗ ಪೂರ್ತಿ ಶಪಥ ಎಸೆದವ.
ಖಾಲಿ ಬಿಟ್ಟರ ಜನ ಕೆಮ್ಮತಾರ,
ಕೆಮ್ಮಿದರ ಆಟ ಸತ್ತಂಗ.
ಇದಿಷ್ಟ ನನ್ನ ವಿದ್ಯಾ.

ಈಗ ಗುಳೇದಗುಡ್ಡದಾಗ ನೇಕಾರ ಸೊಸೈಟಿಯ ಹಳೇ ಗೋದಾಮು.
ಮಗ್ಗ ಹೋಗ್ಯಾವ, ಮಗ್ಗದ ಕುಣಿ ಉಳದಾವ.
ನೀಲವ್ವನ ವೀಲ್‌ಚೇರು ದಾಟಲಿ ಅಂತ
ಪುಂಡಲೀಕ ಕುಣಿ ಮ್ಯಾಲೆ ಹಲಿಗಿ ಹಾಸತಾನ,
ದಿನಾ ಬೆರಳು ಮಡಚಿ ಎಣಸತಾನ: ನಾಕು.
ಒಂದ ಸಲನೂ ತಪ್ಪಿಲ್ಲ ಅಂವ.
ನಾ ತಪ್ಪೇನಿ. ಎರಡ ಸಲ ಬಿದ್ದೇನಿ.

ರಾಜನ ಪಾತ್ರ ದಿಲ್‌ಶಾದಂದು.
ಹುಟ್ಟಿದಾಗಿಂದ ಕಿವಿ ಕೇಳಸೂದಿಲ್ಲ ಆಕಿಗೆ.
ಬಲಗೈ ಒಂದು ಸುತ್ತು ತಿರುಗಿ
ಮುಷ್ಟಿಯಾಗಿ ಎದಿಗೆ ಬಂತಂದ್ರ
‘ಪ್ರತಿ ಮಗ್ಗಕ್ಕ ಮೂರು ವರಹ ತೆರಿಗಿ,
ಕೊಡದವರ ಮಗ್ಗ ಅರಮನಿಗೆ’.
ಅಷ್ಟೂ ಮಾತು ಎವಿ ಬಡಿಯೂದರಾಗ ಮುಗೀತು.
ಮೊದಲ ದಿನ ಆಕಿಗೂ ಪಿಸುಗುಟ್ಟಿದೆ ನಾ, ಚಟಾ ನೋಡ್ರಿ.
ನನ್ನ ಮೀಸಿ ಅಲುಗೂದ ಕಂಡು ಹೊಟ್ಟಿ ಹಿಡಕೊಂಡು ನಕ್ಕಳು.

ಡಂಗುರದವನ ಪಾತ್ರ ಸಂಗನಬಸು ತಾನ ಕೇಳಿ ತಗೊಂಡ.
ಅವನ ನಾಲಿಗಿಗೆ ಪ್ರತಿ ಅಕ್ಷರನೂ ಏರು.
ಕುತಿಗಿ ಹೊಳ್ಳತೈತಿ, ದವಡಿ ಬಿಗೀತೈತಿ,
ಕೈ ಗಾಳಿಯೊಳಗ ಏನೋ ಹುಡುಕತೈತಿ,
ಆಮ್ಯಾಲೆ ಒಂದು ಶಬ್ದ.
‘ಸುಮ್ನ ನಿಂದ್ರೂ ಪಾತ್ರ ತಗೋಳೋ ತಮ್ಮಾ’ ಅಂದೆ.
‘ಸು… ಮ್ನ ನಿಂತು
ಹತ್ತೊಂ… ಬತ್ತು ವರ್ಷ ಆತು’ ಅಂದ.

ಆಟದ ರಾತ್ರಿ.
ಮುಂದ ಖಣ ನೇಯೂ ಹೆಣಮಕ್ಕಳು, ಚಾದಂಗಡಿ ಮಂದಿ,
ಮೊಬೈಲ್ ಎತ್ತಿ ಹಿಡಿದ ಹುಡುಗರು.
ಕಂಬದ ಮರೀಗೆ ಸಂಗನಬಸುನ ಅವ್ವ, ಬಾಯಾಗ ಸೆರಗು.
ರಾಜನ ಕೈ ತಿರಗಿತು. ಡಂಗುರ ಬಡೀತು.
‘ಕೇ… ಳ್ರೀ… ಪ್ರ…’
ನಿಂತ.
ಯಾರೋ ಕೆಮ್ಮಿದರು.

ಮೂವತ್ತೊಂದು ವರ್ಷ ಒಮ್ಮಿಗೇ ಗಂಟಲಿಗೆ ಬಂದು
‘ಪ್ರತಿ ಮಗ್ಗಕ್ಕ!’ ಅಂದಬಿಟ್ಟೆ,
ಹಿಂದಿನ ಸಾಲಿಗೂ ಕೇಳೂ ಹಂಗ.

ಸಂಗನಬಸು ಹೊಳ್ಳಿದ.
ನನ್ನ ಜನ್ಮದಾಗ ಮೊದಲ ಸಲ
ರಂಗದ ಮ್ಯಾಲಿನವನೊಬ್ಬ ನನ್ನ ಮುಖ ನೋಡಿದ.
‘ಗೊ… ತ್ತೈತಿ.
ತ… ಡೀ ಕಾಕಾ.’

ಗೋದಾಮು ಗೊಳ್ಳಂದಿತು.
ನಕ್ಕು ಮುಗಿಸಿ ಮತ್ತ ಕುಂತಿತು, ಈಗ ಕೆಮ್ಮಿಲ್ಲ.
ಆಗ ತಿಳೀತು ನನಗ, ತಿಂಗಳಗಟ್ಟಲೆ ತಾಲೀಮು ನೋಡಿದವಗ:
ಡಂಗುರ ಮುಗಿಯೂತನಕ ಆಜ್ಞಾ ಇನ್ನೂ ಆಜ್ಞಾ ಅಲ್ಲ.
‘ಮ’ ಮತ್ತು ‘ಗ್ಗ’ದ ನಡುವಿನ ಸಂದಿನ್ಯಾಗ
ಲಾಳಿ ಜೋಳಿಗಿಗೆ ಬಿದ್ದವು, ಹಾಸು ಸುತ್ತಿದರು,
ರಟ್ಟಿನ ಮಗ್ಗ ಹೆಗಲೇರಿದವು,
ನೀಲವ್ವ ಮುಂದ, ಊರು ಹಿಂದ,
ಪುಂಡಲೀಕನ ನಾಕು ಹಲಿಗಿ ಗಡಗಡ ದಾಟಿತು.
ರಾಜ ಕಾಲು ಬಡದಳು, ಮುಷ್ಟಿ ಮತ್ತ ಮತ್ತ ತಿರುವಿದಳು.
ಡಂಗುರದವಗ ಅವಸರ ಇರಲಿಲ್ಲ.
ಕಡೀಕ ‘ಅರ… ಮನಿಗೆ’ ಅನ್ನೂದರಾಗ
ಒಯ್ಯಾಕ ಒಂದು ಮಗ್ಗನೂ ಉಳಿದಿರಲಿಲ್ಲ.

ಬಲ್ಬು ಆರಿಸಿ ಹೊರಗ ಬಂದೆ.
ಸಂಗನಬಸು ಕಟ್ಟಿ ಮ್ಯಾಲೆ ಕುಂತಿದ್ದ,
ಬಸಿ ಹಿಡಿದ ಕೈ ನಡುಗಿ ಅರ್ಧ ಚಾ ಅಂಗಿ ಮ್ಯಾಲೆ.
‘ಕಾಕಾ, ನಾ… ಳೆ…’ ಅಂದ.

ಏನಂತಾನ ಅಂತ ನನಗ ಗೊತ್ತಿತ್ತು.
ಬಾಯಿ ತೆರೀಲಿಲ್ಲ.
ಚಾ ಆರಿದರ ಆರಲಿ.